ಬೂಷ್ಟು

ಬಿರುನಾಣಿಯ ಕಕ್ಕಡವೆಂದರೆ ನನಗೆ ಇಷ್ಟೇ:
ಮಾವನ ಕುಪ್ಯದ ಮಡಿಕೆಯಲ್ಲಿ, ಚಪ್ಪಲಿಯ ಅಟ್ಟೆಯಲ್ಲಿ,
ಮದುವೆ ಫೋಟೋದೊಳಗೆ ನನ್ನದೇ ಕೆನ್ನೆಯ ಮೇಲೆ
ಕೂತ ಬೂಷ್ಟು ಒರೆಸುವುದು.

ಮೇ ತಿಂಗಳಲ್ಲಿ ಗೋಣಿಕೊಪ್ಪದಿಂದ ಜೆಸಿಂತಾ ಬಂದು
ಬೆರಳುದ್ದದ ಗಾಜಿನ ನಳಿಗೆ ಕೈಗಿಟ್ಟು
‘ಅಕ್ಕಾ, ಇದನ್ನ ಬೆಳೆಸಿ’ ಅಂದಳು.
ಬೂಷ್ಟನ್ನ!

ಜೋಳ ನೆನೆಸಿ, ಅರ್ಧ ಗಂಟೆ ಕುಕ್ಕರಿನ ಆವಿ,
ಆರಿದ ಮೇಲೆ ದೀಪದ ಉರಿಯ ಪಕ್ಕ
ಉಸಿರು ಬಿಗಿಹಿಡಿದು ಚಿಟಿಕೆ ಹಾಕಿ ಕಟ್ಟಿದೆ.
ಮೂರು ದಿನ ಬಿಳಿ, ಹಾಲಿನ ಕೆನೆಯ ಹಾಗೆ.
ಏಳನೆಯ ದಿನ ಹಸಿರು.
ನಾಟಿ ಹಾಕಿದ ಗದ್ದೆಯ ಹಸಿರಲ್ಲ,
ಹಿತ್ತಾಳೆ ಚೆಂಬಿನ ಕಿಲುಬು.

ಮೈದುನ ಮೊಣ್ಣಪ್ಪ ಮೈಲುತುತ್ತದ ಬಕೆಟು ಹಿಡಿದು ಬಂದ.
‘ತಡಿ, ಅದು ಬಿದ್ದರೆ ಇದು ಸಾಯ್ತದೆ.’
‘ಬೂಷ್ಟು ತಾನೆ, ಸಾಯಲಿ.’
ಹೋದ ಮಳೆಯಲ್ಲಿ ಒಂದೇ ವಾರಕ್ಕೆ
ನಲವತ್ತು ಮೆಣಸಿನ ಬಳ್ಳಿ ಕರ್ರಗೆ ಉದುರಿದ್ದು
ಅವನ ದನಿಯಲ್ಲಿತ್ತು.

ಕೊನೆಗೆ ಒಪ್ಪಂದ. ಏರಿ ಮೇಲಿನದೆಲ್ಲ ಅವನದು,
ತೋಡಿನ ಬದಿಯ ಹನ್ನೆರಡು ಬಳ್ಳಿ ನನ್ನದು.
ಬೇವಿನ ಹಿಂಡಿ, ಹಳೆ ಗೊಬ್ಬರದಲ್ಲಿ ಕಲಸಿ
ಹಾಲವಾಣದ ಬುಡಕ್ಕೆ ಬೆರಳಲ್ಲೇ ಹರಡಿದೆ,
ಬಾಣಂತಿಗೆ ಎಣ್ಣೆ ಹಚ್ಚುವಷ್ಟು ಮೆಲ್ಲಗೆ.

ಈಗ ಹತ್ತು ನಿಂತಿವೆ. ಎರಡು ಹೋದವು.
ಮೇಲೆ ಎಷ್ಟು ಹೋದವೋ
ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.
ಬುಟ್ಟಿ ತಂದು ಗೊಬ್ಬರ ಕೇಳಿದ, ಅಷ್ಟೆ.

ಇಂದು ಬಟ್ಟೆ ಹಿಡಿದು ಫೋಟೋದ ಮುಂದೆ ನಿಂತೆ.
ಕೆನ್ನೆಯ ಮೇಲೆ ಮತ್ತೆ ಬಂದು ಕೂತಿದೆ.
ಯಾವ ಮನೆತನದ್ದೋ ಏನೋ.
ಇರಲಿ, ಜೆಸಿಂತಾ ಬರಲಿ,
ಕೇಳಿಕೊಂಡು ಒರೆಸಿದರಾಯಿತು.