ಹನ್ನೊಂದು ಪೌಂಡ್ ನಲವತ್ತು

ನಾನು ಡ್ರಮ್ಮಿನವಳು. ಅವರಿಬ್ಬರನ್ನು
ಹದಿಮೂರು ವರ್ಷ ನೋಡಿದ್ದು ಬೆನ್ನ ಕಡೆಯಿಂದ.
ಇಥೆಲನ ಅಂಗಿ ಎಡಹೆಗಲಲ್ಲಿ ಮೊದಲು ಬೆವರುತ್ತಿತ್ತು.
ಹೆವಿನ್ ತಪ್ಪಿದಾಗ, ತಪ್ಪಿದ್ದು ಅವನಿಗೇ ಗೊತ್ತಾದಾಗ,
ಕಿವಿಯ ಹಿಂಭಾಗ ಕೆಂಪಾಗುತ್ತಿತ್ತು.
ಮುಖ ಕಂಡವರು ಪತ್ರಿಕೆಯಲ್ಲಿ ಏನೇನೋ ಬರೆದರು.
ಬೆನ್ನು ಓದಿದವಳು ನಾನೊಬ್ಬಳೇ.

ವೇಲ್ಸಿನ ಬ್ಲೈನಾಯ್ ನಮ್ಮೂರು.
ಅರ್ಧ ಲೋಕದ ಸೂರಿಗೆ ಸ್ಲೇಟು ಕಳಿಸಿ
ತನ್ನ ಪಾಲಿಗೆ ಪುಡಿಗಲ್ಲಿನ ಗುಡ್ಡ ಉಳಿಸಿಕೊಂಡದ್ದು.
ಚಾಪೆಲಿನ ಹಿಂದಿನ ಕೋಣೆ, ಸೀಮೆಎಣ್ಣೆಯ ಹೀಟರು,
ಹಾಡಿದರೆ ನಮ್ಮ ನುಡಿಯಲ್ಲೇ ಎಂಬ ಹಟ.
ಕೇಳುವವರು ಮುನ್ನೂರು ಜನ,
ಅದರಲ್ಲಿ ನೂರು ಜನ ನೆಂಟರು.

ಒಬ್ಬ ಅರ್ಧ ಸಾಲು ಅಂದು ಚಹಾ ಹೀರುವುದು.
ಇನ್ನೊಬ್ಬ ಆ ಅರ್ಧಕ್ಕೆ ಬಾಲ ಕಟ್ಟುವುದು.
ಮೊದಲನೆಯವ ‘ಥೂ’ ಅನ್ನುವುದು.
ಆ ‘ಥೂ’ ಇಲ್ಲದೆ ಒಂದು ಹಾಡೂ ಹುಟ್ಟಲಿಲ್ಲ.
ಸಿಗರೇಟು ಪ್ಯಾಕಿನ ಒಳಮೈಯಲ್ಲಿ ಕರಾರು:
ಯಾರು ಬರೆದರೂ ಇಬ್ಬರ ಹೆಸರು,
ಮೊದಲು ಯಾರದೆಂಬುದಕ್ಕೆ ನಾಣ್ಯ ಚಿಮ್ಮುವುದು.
ಸಾಕ್ಷಿ ನಾನು. ರುಜು ಹಾಕಲು ಪೆನ್ನೂ ನನ್ನದೇ.

ಮುರಿದದ್ದು ಒಂದು ಪದಕ್ಕೆ.
ಇಥೆಲ್ ಅಪ್ಪನ ಮೇಲೆ ಹಾಡು ಕಟ್ಟಿದ್ದ.
ಗಣಿಯ ಧೂಳು ಕುಡಿದು ಕುಡಿದು
ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುತ್ತಿದ್ದ ಅಪ್ಪ.
‘ಗೋಡೆಯಾಚೆ ನಿನ್ನ ಕೆಮ್ಮು’ ಅಂತ ಸಾಲು.
ಹೆವಿನ್ ಹೇಳಿದ, ಕೆಮ್ಮು ಬಾಯಿಗೆ ಕೂರುವುದಿಲ್ಲ ಕಣೋ,
‘ಉಸಿರು’ ಅನ್ನೋಣ, ಎಳೆಯೋಕೆ ಬರುತ್ತೆ.
ಇವನು ಹೇಳಿದ, ನಮ್ಮಪ್ಪ ಎಳೆದದ್ದು ಕೆಮ್ಮನ್ನೇ.

ಡೊಲ್‌ಗೆಲ್ಲೈ ಊರಿನ ವೇದಿಕೆ, ಮಾರ್ಚಿ ತಿಂಗಳು.
ಹೆವಿನ್ ಮೈಕಿಗೆ ಬಾಯಿಟ್ಟು ‘ಉಸಿರು’ ಅಂದ.
ಇಥೆಲ್ ಗಿಟಾರಿನ ತಂತಿ ಕಿತ್ತ, ಮೊಣಕೈಗೆ ಸುತ್ತಿಕೊಂಡ,
ಅವಸರವಿಲ್ಲದೆ, ಒಗೆದ ಹಗ್ಗ ಸುತ್ತುವ ಹೆಂಗಸಿನ ಹಾಗೆ,
ಇಳಿದು ಹೋದ.
ನಾನು ಬಡಿಯುತ್ತಲೇ ಇದ್ದೆ, ಎಷ್ಟು ಆವರ್ತವೋ.
ಎದುರಿಗೆ ಒಂದೇ ಬೆನ್ನು.
ಕಿವಿ ಕೆಂಪಾಯಿತೆ?
ಆ ದೀಪದಲ್ಲಿ ಎಲ್ಲವೂ ಕೆಂಪು.

ಆರು ವರ್ಷ. ಒಂದೇ ಬೀದಿ.
ಒಂಬತ್ತನೇ ನಂಬರು ಇವನದು, ಇಪ್ಪತ್ತನಾಲ್ಕು ಅವನದು,
ಬ್ರೆಡ್ಡಿನಂಗಡಿಗೂ ಬೇರೆ ಬೇರೆ ಹೊತ್ತು.
ಆಮೇಲೆ ಒಂದು ದಿನ ಯಾವನೋ ರೇಡಿಯೋದವನು
ಅದೇ ಹಾಡು ಹಾಕಿದನಂತೆ, ನಡುರಾತ್ರಿ.
ಇಥೆಲನಿಗೆ ಚೆಕ್ಕು ಬಂತು: ಹನ್ನೊಂದು ಪೌಂಡ್ ನಲವತ್ತು.
ಅವನು ಲಕೋಟೆಗೆ ಹಾಕಿ ಹೆವಿನನಿಗೆ ಕಳಿಸಿದ.
ಹೆವಿನ್ ವಾಪಸು ಕಳಿಸಿದ.
ಹೊತ್ತವಳು ನಾನೇ. ಡ್ರಮ್ಮು ಯಾವತ್ತೂ ಅನ್ನ ಹಾಕಲಿಲ್ಲ,
ನನ್ನ ಹಗಲ ಕೆಲಸ ಅಂಚೆ.

ಒಳಗಿನದು ಓದುವುದು ಕಳ್ಳತನ.
ಲಕೋಟೆಯ ಹೊರಗೆ ಬರೆದದ್ದಕ್ಕೆ ಕಾನೂನಿಲ್ಲ.
‘ಹಾಡು ನಿನ್ನದು, ಹಣ ನಿನ್ನದು.’
‘ಪದ ನಿನ್ನದಲ್ಲವೇ, ಇಟ್ಟುಕೋ.’
ಚೆಕ್ಕಿನ ಗಡುವು ಶರತ್ಕಾಲದಲ್ಲೇ ಮುಗಿದಿತ್ತು.
ಅಂಚೆಚೀಟಿಗೆ ಸುರಿದದ್ದು ಹನ್ನೊಂದು ಪೌಂಡ್ ದಾಟಿತ್ತು.
ಸಾಲ ಅನ್ನುತ್ತಾ ಕಳಿಸುತ್ತಿದ್ದದ್ದು
ಯಾವಾಗ ಸಾಲಾಯಿತೋ ನಾನು ಗಮನಿಸಲಿಲ್ಲ.
ಒಂದು ಮಂಗಳವಾರ ಬರೀ ಅರ್ಧ:
‘ಮೆಟ್ಟಿಲಿಗೊಂದು ನಿಲ್ಲುತ್ತಿದ್ದೆ, ಅಪ್ಪ’
ಅಷ್ಟೇ. ಆಚೆಯಿಂದ ನಾಲ್ಕು ದಿನ ಏನೂ ಇಲ್ಲ.
ಶನಿವಾರ ಹೆವಿನನ ಓರೆ ಅಕ್ಷರ:
‘ಎಣಿಸುತ್ತ ನಿನ್ನ ಕೆಮ್ಮು.’
ಕೆಳಗೆ ಇನ್ನೊಂದು ಪದ, ಹೊಡೆದು ಹಾಕಿ, ಮತ್ತೆ ಬರೆದು,
ಮುಂದೊಂದು ಪ್ರಶ್ನೆಚಿಹ್ನೆ: ‘ದಮ್ಮು?’

ಇವತ್ತು ಬೆಳಿಗ್ಗೆ ಇಥೆಲನ ಉತ್ತರ ನನ್ನ ಚೀಲದಲ್ಲಿತ್ತು.
ಒಂದೇ ಅಕ್ಷರ,
ಲಕೋಟೆ ಹರಿಯುವಷ್ಟು ಒತ್ತಿ:
‘ಥೂ.’

ಇಪ್ಪತ್ತನಾಲ್ಕರ ಅಂಚೆಗಂಡಿಗೆ ನೂಕಲಿಲ್ಲ.
ಬಾಗಿಲು ಬಡಿದೆ, ನಾಲ್ಕು ಸಲ, ಲಯಕ್ಕೆ.
ತೆರೆದ. ಮುಖಕ್ಷೌರದ ನೊರೆ, ಒಂದೇ ಕಾಲಿಗೆ ಚಪ್ಪಲಿ.
ಈ ಮುಖ ನನಗೆ ಅಷ್ಟೇನೂ ಪರಿಚಯವಿಲ್ಲ.
ಲಕೋಟೆ ಕೈಗಿಟ್ಟೆ. ಓದಿದ.
‘ಹೆವಿನ್, ಸ್ವಲ್ಪ ಆ ಕಡೆ ತಿರುಗು’ ಅಂದೆ.
ಕಿವಿಯ ಹಿಂಭಾಗ ನೋಡಬೇಕಿತ್ತು.