ಬೆಳಗಿನ ಪಾಳಿ

ಐದೂಕಾಲಿಗೆ ಕೊಳಾಯಿ ತಿರುಗಿಸುತ್ತೇನೆ.
ಮಿನೆಸೋಟದ ಅಕ್ಟೋಬರ್, ಉಸಿರು ಬಿಟ್ಟರೆ ಹೊಗೆ.
ಕಾಲೇಜಿನ ಗ್ರಂಥಾಲಯದಿಂದ ಊಟದ ಮನೆಯವರೆಗೆ
ನಾನೂರ ಹನ್ನೆರಡು ಸಿಮೆಂಟು ಚಪ್ಪಡಿ;
ಇಪ್ಪತ್ತಾರು ವರ್ಷ ಗುಡಿಸಿದ್ದೇನೆ, ಲೆಕ್ಕ ತಪ್ಪುವುದಿಲ್ಲ.

ರಾತ್ರಿ ಮಕ್ಕಳು ಸೀಮೆಸುಣ್ಣದಲ್ಲಿ ಬರೆಯುತ್ತಾರೆ.
ಬರೆಯಲಿ, ಅದಕ್ಕೂ ನಿಯಮವಿದೆ:
ಮಳೆ ಬೀಳುವ ಕಡೆ ಸರಿ, ಸೂರಿನ ಕೆಳಗೆ ಕೂಡದು.
ಅಂದರೆ ಅಳಿಸುವ ಕೆಲಸ ಮೊದಲು ಆಕಾಶದ್ದು,
ಆಮೇಲೆ ನನ್ನದು.

ಹೋದ ವರ್ಷ ಒಂದು ಹಾಳೆ ಕೊಟ್ಟರು,
ಒದ್ದೆಯಾಗದಂತೆ ಪ್ಲಾಸ್ಟಿಕ್ ಹೊದಿಸಿದ್ದು:
'ಅಭಿಪ್ರಾಯವಾದರೆ ಬಿಡಿ.
ನಿಂದನೆಯಾದರೆ ಫೋಟೊ ತೆಗೆದು ಅಳಿಸಿ.
ಅನುಮಾನವಿದ್ದರೆ ಈ ನಂಬರಿಗೆ ಫೋನು ಮಾಡಿ.'
ಆ ನಂಬರು ಕಣ್ಣು ಬಿಡುವುದು ಒಂಬತ್ತಕ್ಕೆ.
ನನ್ನ ಅನುಮಾನಗಳು ಆರಕ್ಕೇ ಎದ್ದು ಕೂತಿರುತ್ತವೆ.

'ಡೀನ್ ಸುಳ್ಳುಗಾರ' – ಬಿಟ್ಟೆ.
(ನಿಜ ಹೇಳಬೇಕೆಂದರೆ, ಅದರ ಸುತ್ತ ಚೊಕ್ಕವಾಗಿ ಗುಡಿಸಿದೆ.)
'ದೇವರಿಲ್ಲ', ಪಕ್ಕದಲ್ಲೇ 'ಇದ್ದಾನೆ, ನೋಡ್ತಿದ್ದಾನೆ' –
ಎರಡನ್ನೂ ಬಿಟ್ಟೆ, ಅವರವರೇ ನೋಡಿಕೊಳ್ಳಲಿ.
'ಗರ್ಭಪಾತ ಕೊಲೆ' ಎಂದಿದ್ದಲ್ಲಿ
ಕೊಳವೆ ಹಿಡಿದು ಬಹಳ ಹೊತ್ತು ನಿಂತೆ.
ನನ್ನ ತಂಗಿ ಸಿಗ್ನೆ, ಹತ್ತೊಂಬತ್ತರಲ್ಲಿ,
ಒಬ್ಬಳೇ ಬಸ್ಸು ಹತ್ತಿ ಫಾರ್ಗೊಗೆ ಹೋಗಿ ಬಂದಳು.
ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಿಲ್ಲ.
ಅಭಿಪ್ರಾಯ, ಎಂದಿತು ಹಾಳೆ. ಬಿಟ್ಟೆ.
ಬಿಟ್ಟದ್ದು ದಿನವಿಡೀ ಬೂಟಿಗೆ ಅಂಟಿತ್ತು.

ಮುಂದಿನ ಮಂಗಳವಾರ, ವಿಜ್ಞಾನ ಕಟ್ಟಡದೆದುರು,
ನೀಲಿ ಅಕ್ಷರ, ಮೊಳದುದ್ದ:
'ಸೊಮಾಲಿಗಳೇ, ಹಡಗು ಕಾಯುತ್ತಿದೆ.'
ಒಂದೂ ಬೈಗುಳವಿಲ್ಲ. ಹಾಳೆಯಲ್ಲಿ ಹುಡುಕಿದೆ,
ಹಡಗಿಗೆ ಕಾಲಂ ಇಲ್ಲ.
ನನ್ನ ಮುತ್ತಜ್ಜ ಹಡಗಿನಲ್ಲೇ ಬಂದವನು,
ಬರೆದವನ ಮುತ್ತಜ್ಜನೂ ಇರಬೇಕು.
ಕೊಳವೆ ಎತ್ತಿದೆ.

"ತಡಿ, ಆರ್ವಿಡ್."
ಹಮ್ದಿ ವರ್ಸಾಮೆ. ಪ್ರಯೋಗಾಲಯದ ಇಲಿಗಳಿಗೆ
ನಸುಕಿನಲ್ಲಿ ಕಾಳು ಹಾಕಲು ಬರುವವಳು.
ಹಳದಿ ಹಿಜಾಬು, ಮಂಜು ಕೂತ ಕನ್ನಡಕ.
ಅವಳಿಗೆ ಕಾಣದಿರಲೆಂದು ಅಡ್ಡ ನಿಂತೆ;
ಅವಳು ನನ್ನ ಬೂಟು ತೋರಿಸಿದಳು:
ನಿಂತಿದ್ದೇ 'ಹಡಗಿ'ನ ಮೇಲೆ.

"ನೀನು ಅಳಿಸಿದ್ರೆ ಮಧ್ಯಾಹ್ನ ಒಂದು ಇಮೇಲ್ ಬರುತ್ತೆ,
'ಒಂದು ಘಟನೆ ನಡೆದಿದೆ' ಅಂತ.
ಏನು ಘಟನೆ, ಯಾರಿಗೂ ಗೊತ್ತಾಗಲ್ಲ.
ನಂಗೊಬ್ಬಳಿಗೇ ಗೊತ್ತಿರುತ್ತೆ. ಅದು ಬೇಡ."
"ಬಿಟ್ಟರೆ?"
"ಬಿಟ್ಟರೆ ಎಂಟು ಗಂಟೆ ಕ್ಲಾಸಿಗೆ
ನನ್ನ ತಮ್ಮ ಇದರ ಮೇಲೇ ನಡೀತಾನೆ.
ಮನೆ ಬಿಟ್ಟು ಬಂದು ಆರು ವಾರ ಆಗಿದೆ ಅವನಿಗೆ."
ಇಬ್ಬರೂ ಸುಮ್ಮನಾದೆವು.
ಕೊಳವೆಯ ಬಾಯಿಂದ ತೊಟ್ಟಿಕ್ಕುವ ನೀರು
ಯಾರನ್ನೂ ಕೇಳದೆ ಮೊದಲಕ್ಷರ ತಿನ್ನುತ್ತಿತ್ತು.

ಚೌಕಾಸಿ ಕುದುರಿತು: ಏಳೂವರೆವರೆಗೆ.
ಅಷ್ಟರಲ್ಲಿ ಹಾದವರೆಲ್ಲ ಓದಿದರು.
ಒದ್ದೆ ತಲೆಯ ನಾಲ್ವರು ಈಜುಗಾರರಲ್ಲಿ ಒಬ್ಬ ನಕ್ಕ,
ಇನ್ನೊಬ್ಬ ಅವನತ್ತ ನೋಡಿದ, ನಗು ಅಲ್ಲೇ ಮುರಿಯಿತು.
ತತ್ವಶಾಸ್ತ್ರದ ಕ್ವಿಗ್ಲಿ ಮೇಷ್ಟ್ರು ಸೈಕಲ್ಲಿಳಿದು
"ನೋಡಿ, ವಾಕ್ ಸ್ವಾತಂತ್ರ್ಯ ಅಂದರೆ..." ಎಂದವರು
ಹಮ್ದಿಯ ಮುಖ ಕಂಡು ಅರ್ಧಕ್ಕೇ ಬಿಟ್ಟು
ಸೈಕಲ್ ತಳ್ಳಿಕೊಂಡು ಹೋದರು.
ಅವರ ಮೇಲೆ ಸಿಟ್ಟಿಲ್ಲ. ಆ ಉಳಿದರ್ಧ ನನಗೂ ಬರುವುದಿಲ್ಲ.

ಏಳು ಇಪ್ಪತ್ತೆಂಟಕ್ಕೆ ಅವಳು ಮಂಡಿಯೂರಿ
ಬಿಳಿ ಸುಣ್ಣದಲ್ಲಿ ಕೆಳಗೆ ಬರೆದಳು:
'ಬರೆದವನೇ, ಹಗಲಲ್ಲಿ ಬಾ.
ಮೂರನೇ ಮಹಡಿ, ಇಲಿಗಳ ಕೋಣೆ.'
ಆಮೇಲೆ ಕೊಳವೆ ಇಸಿದುಕೊಂಡು
ಮೇಲಿನ ಸಾಲು ತಾನೇ ತೊಳೆದಳು.
ನೀಲಿ ನೀರು ಹುಲ್ಲಿಗಿಳಿಯಿತು.

ಒಂಬತ್ತಕ್ಕೆ ಫೋನು. ಏನು ಬರೆದಿತ್ತು? ಹೇಳಿದೆ.
ಯಾರು ಅಳಿಸಿದ್ದು? ನೀರು, ಎಂದೆ.
ಈಗ ಉಳಿದಿರುವುದು ಅಭಿಪ್ರಾಯವೋ ನಿಂದನೆಯೋ?
ವಿಳಾಸ, ಎಂದೆ.
ಆ ಕಡೆ ಕೀಲಿಮಣೆಯ ಸದ್ದು ನಿಂತಿತು.

ಆ ವಾರ ಯಾರೂ ಬರಲಿಲ್ಲ. ಮರುವಾರವೂ.
ತಿಂಗಳ ಕೊನೆಗೆ, ಪೈಪು ಒಡೆಯದಿರಲೆಂದು,
ಹೊರಗಿನ ಕೊಳಾಯಿಗಳನ್ನೆಲ್ಲ ಬರಿದು ಮಾಡಿದೆ.
ಮೊದಲ ಹಿಮಕ್ಕೆ ಉಪ್ಪು ಎರಚುತ್ತ ಬಂದವನು
ಆ ಒಂದು ಚಪ್ಪಡಿ ಮಾತ್ರ ಬಿಟ್ಟು ದಾಟಿದೆ.
ಯಾರಾದರೂ ಜಾರಿದರೆ
ತಪ್ಪು ನನ್ನದು.