ಫೋರ್ಕು ವಾಪಸು ಕೇಳಲು ಹೋದಾಗ

ನನ್ನ ಮನೆಯಲ್ಲಿದ್ದದ್ದು ಒಂದೇ ಫೋರ್ಕು.
ಒಯ್ದವಳು ಮಾಕೆಲೆಬೊನೆ, ಕಳೆದ ಸೋಮವಾರ.
"ನಾಳೆಯೇ ತಂದುಕೊಡ್ತೀನಿ" ಅಂದಿದ್ದಳು.
ನಾಳೆ ಎಂಬುದು ನಮ್ಮ ಲೆಸೊಥೊ ಗುಡ್ಡಗಳಲ್ಲಿ
ಕುಂಟು ಕತ್ತೆಯ ಬೆನ್ನೇರಿ ಬರುತ್ತದೆ.

ಇವತ್ತು ಕೇಳಿಯೇಬಿಡೋಣವೆಂದು ಹೊರಟೆ,
ಕಂಬಳಿಗೆ ಪಿನ್ನು ಚುಚ್ಚಿಕೊಂಡು,
ಎರಡು ಮಾತು ಸಾಣೆ ಹಿಡಿದುಕೊಂಡು.

ಮೊದಲಿಗೆ, ನಿಜ ಹೇಳುತ್ತೇನೆ, ಏನೂ ಕಾಣಲಿಲ್ಲ.
ಗುಡ್ಡದ ಬಣ್ಣದ ಮೇಲೆ ಗುಡ್ಡದ್ದೇ ಬಣ್ಣ.
ಅಂಗಡಿಯ ಮೊಹಾಪಿ ನೀಲಿ ಪೇಂಟು ಸಾಲ ಕೊಡುತ್ತಾನೆ,
ಶಾಲೆಯ ಗೋಡೆ ಅದನ್ನು ಬಳಿದುಕೊಂಡು
ಎರಡು ವರ್ಷದಿಂದ ಕಿರುಚುತ್ತಿದೆ.
ಇವಳಿಗೇನು ಬಂತು ಕೇಡು ಅಂದುಕೊಂಡೆ.

ಮೋಡ ಸರಿಯಿತು.
ಓರೆ ಬಿಸಿಲು ಬಿದ್ದದ್ದೇ
ಗೀರುಗಳೆಲ್ಲ ಎದ್ದು ಕೂತವು.

ಸೆಗಣಿ ಬೆರೆಸಿದ ಮಣ್ಣಿನ ಸಾರಣೆ,
ಒಣಗುವ ಮುನ್ನ ಕೆರೆದದ್ದು.
ಚೌಕದೊಳಗೆ ಎಲೆ, ಎಲೆಯ ಬೆನ್ನಿಗೆ ಎಲೆ,
ನಡುವೆ ಬಿಟ್ಟ ಜಾಗವೂ ಒಂದು ಎಲೆ.
ಸೆಂಕು ಹೊಳೆಯ ದಂಡೆಯ ಬೂದು.
ರಸ್ತೆ ಅಗೆದಾಗ ಸಿಕ್ಕ ಕಾವಿ.
ಪಾತ್ರೆಯ ತಳ ಹಿಡಿದ ಜೋಳದ ಗಂಜಿಯ ಕಂದು.
ಇನ್ನೊಂದಿತ್ತು, ಅದಕ್ಕೆ ಹೆಸರು ಹುಡುಕಿ ಸೋತೆ:
ಅಮ್ಮ ಹೋದಾಗ ಉಟ್ಟ ಸೂತಕದ ಕರಿ ಬಟ್ಟೆ
ಒಗೆದೂ ಒಗೆದೂ
ವರ್ಷ ತುಂಬುವ ಹೊತ್ತಿಗೆ ತಿರುಗಿದ ಬಣ್ಣ.

ದಿತೇಮಾ ಅನ್ನುತ್ತೇವೆ ಇದಕ್ಕೆ.
ಉಳುವುದಕ್ಕೂ ಈ ಗೀರಿಗೂ ನಮ್ಮಲ್ಲಿ ಒಂದೇ ಬೇರು.
ಎತ್ತು ಮಾರಿ ಮೂರು ವರ್ಷ;
ಮಾಕೆಲೆಬೊನೆ ಗೋಡೆ ಉಳುತ್ತಾಳೆ.

ಹತ್ತಿರ ಹೋಗಿ ಬೆರಳಿಟ್ಟು ನೋಡಿದೆ.
ನಾಲ್ಕು ಗೀರು ಜೊತೆಯಾಗಿ ಸಾಗುವಲ್ಲೆಲ್ಲ
ಮೂರನೆಯದು ತುಸು ವಾಲಿ
ಎರಡನೆಯದಕ್ಕೆ ಗುಟ್ಟು ಹೇಳುತ್ತಿತ್ತು.
ಪ್ರತಿ ಎಲೆಯಲ್ಲೂ. ಬಾಗಿಲಿನಿಂದ ಮೂಲೆಯವರೆಗೂ.

ಮೀನಿನ ಡಬ್ಬಿ ತೆರೆಯಲು ಹೋಗಿ
ನನ್ನ ಟೆಕೋ ಬಗ್ಗಿಸಿದ ಹಲ್ಲು ಅದು.
ಅವತ್ತು ಅವನ ಬೆನ್ನಿಗೆ ಒಂದು ಕೊಟ್ಟಿದ್ದೆ.

ಹೊರಗೆ ಬಂದಳು, ಮೊಣಕೈವರೆಗೆ ಮಣ್ಣು.
"ತಗೋ ನಿನ್ನ ಫೋರ್ಕು. ಹಲ್ಲು ಸೊಟ್ಟ.
ಕಲ್ಲಿನ ಮೇಲಿಟ್ಟು ಬಡಿದು ಸರಿಮಾಡಲೇ?"
"ಮುಟ್ಟಿದರೆ ನೋಡು" ಅಂದೆ.

ಮಳೆ ಬಂದರೆ ಇದೆಲ್ಲ ತೊಳೆದುಹೋಗುತ್ತದೆ.
ಮಳೆಯ ವಿಳಾಸಕ್ಕೇ ಬರೆದ ಕಾಗದ,
ತಲುಪಿದರೆ ಅಳುವುದೇಕೆ, ಅನ್ನುತ್ತಿದ್ದಳು ಅಜ್ಜಿ.

ಹಿಂಬದಿಯ ಗೋಡೆ ಇನ್ನೂ ಹಸಿಯಾಗಿತ್ತು.
ಫೋರ್ಕು ಅಲ್ಲೇ ಬಿಟ್ಟು ಬಂದೆ.

ರಾತ್ರಿ ಟೆಕೋ ಕೇಳಿದ.
ಕೈಯಲ್ಲಿ ತಿನ್ನು ಅಂದೆ.